ನಿನ್ನ ಅಮ್ಮನ ಬರಿ

ನಿನ್ನ ಅಮ್ಮನ ಬರಿ ಬಂಗೇರ ಅಲ್ಲ, ಪ್ರಾರ್ಥನಾ. ಕುಂದರ್. ನಾನು ಸುಳ್ಳು ಹೇಳಿದೆ — ಮೊದಲು ಸುಮತಿಗೆ ಫೋನಿನಲ್ಲಿ, ಆಮೇಲೆ ನಿನಗೆ, ನನ್ನ ಅಡುಗೆಮನೆಯಲ್ಲಿ, ನಿನ್ನ ಮುಖ ನೋಡಿಕೊಂಡೇ. ಸುಮತಿಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಇದೆ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಿನಗೆ ಹೇಳಿದ್ದಿದೆಯಲ್ಲ — ಅದು ಬೇರೆ. ಅದಕ್ಕಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

ಬರಿ ಎಂದರೇನೆಂದು ನಿನಗೆ ಗೊತ್ತು. ಇದು ಬೇರೆ ಯಾರ ಕೈಗಾದರೂ ಸಿಕ್ಕೀತು, ಅವರಿಗಾಗಿ ಹೇಳುತ್ತೇನೆ. ಉಡುಪಿ ಕಡೆಯ ನಮ್ಮಂಥ ತುಳು ಕುಟುಂಬಗಳಲ್ಲಿ ಕುಲ ತಾಯಿಯಿಂದ ಬರುತ್ತದೆ. ಆ ಕುಲವೇ ಬರಿ. ಅಪ್ಪ ಯಾರೇ ಆಗಿರಲಿ, ಮಕ್ಕಳು ಅಮ್ಮನ ಬರಿಯವರು. ಒಂದೇ ಬರಿಯ ಹುಡುಗ ಹುಡುಗಿ ಅಣ್ಣ ತಂಗಿಯರ ಲೆಕ್ಕ. ಒಬ್ಬರನ್ನೊಬ್ಬರು ಕಣ್ಣಿನಲ್ಲಿ ಕಾಣದೆ ಬೆಳೆದಿದ್ದರೂ ಮದುವೆ ಕೂಡದು. ಊರಿನಲ್ಲಾದರೆ ಇದನ್ನು ನೆನಪಿಟ್ಟುಕೊಳ್ಳಲು ಅಜ್ಜಿಯರಿದ್ದಾರೆ. ಇಲ್ಲಿ ಸಿಡ್ನಿಯಲ್ಲಿ, ಮೆಲ್ಬರ್ನ್‌ನಲ್ಲಿ, ಎಲ್ಲರ ಪಾಸ್‌ಪೋರ್ಟಿನಲ್ಲೂ ಅಪ್ಪನ ಸರ್‌ನೇಮ್. ಮದುವೆಯ ಮಾತು ಬಂದಾಗ ಮಾತ್ರ ಗಾಬರಿ ಶುರು — ಅಯ್ಯೋ, ಅಮ್ಮನ ಬರಿ ಯಾವುದಿತ್ತು? ಹುಡುಗನ ಕಡೆಯವರದು ಯಾವುದು? ಆಗ ನನಗೆ ಫೋನ್ ಬರುತ್ತದೆ. ‘ವಾರಿಜಕ್ಕನ ಹತ್ರ ಕೇಳಿ, ಅವರಿಗೆ ಎಲ್ಲಾ ಗೊತ್ತುಂಟು’ ಎನ್ನುತ್ತಾರೆ ಜನ.

ಗೊತ್ತಿರುವುದು ಹೌದು. ಅರ್ಧ ನನ್ನ ಅಜ್ಜಿ ಬಾಯಿಪಾಠ ಮಾಡಿಸಿದ್ದು, ಇನ್ನರ್ಧ ನನ್ನ ಕಸುಬು ಕಲಿಸಿದ್ದು. ಬದುಕೆಲ್ಲ ನಾನು ಯೂನಿವರ್ಸಿಟಿಯಲ್ಲಿ ಪಾಠ ಮಾಡಿದ್ದು ಮಧ್ಯಯುಗದ ಫ್ರಾನ್ಸಿನ ದೊಡ್ಡ ಮನೆತನದ ಹೆಂಗಸರ ಬಗ್ಗೆ — ಯಾರ ಮಗಳು ಯಾರ ಮನೆ ಸೇರಿದಳು, ಬರುವಾಗ ಯಾವ ಸೀಮೆ ತಂದಳು, ಗಂಡ ದಂಡಯಾತ್ರೆಗೆ ಹೋದಾಗ ಕೋಟೆಯನ್ನು ಹೇಗೆ ಉಳಿಸಿಕೊಂಡಳು, ಗಂಡ ಸತ್ತ ಮೇಲೆ ಸ್ವಂತ ಮುದ್ರೆ ಒತ್ತಿ ಹೇಗೆ ಆಳಿದಳು. ಸಿಡ್ನಿಯ ಬ್ಲ್ಯಾಕ್‌ಟೌನಿನ ಈ ಮನೆಯ ಗೋಡೆ ತುಂಬ ಅವರ ವಂಶವೃಕ್ಷಗಳನ್ನು ಅಂಟಿಸಿಕೊಂಡಿದ್ದೆ. ನೀನು ಚಿಕ್ಕವಳಿದ್ದಾಗ ಅವುಗಳ ಮೇಲೆ ಬೆರಳಿಟ್ಟು, ‘ದಿಸ್ ಲೇಡಿ ಹ್ಯಾಸ್ ತ್ರೀ ಹಸ್ಬೆಂಡ್ಸ್!’ ಎಂದು ಕಿರುಚಿ ನಗುತ್ತಿದ್ದೆ, ನೆನಪಿದೆಯಾ?

ಈಗ ಸುಮತಿಯ ವಿಷಯ ಹೇಳಬೇಕು.

ಸುಮತಿ ನನ್ನ ಗಂಡ ದಿನೇಶನ ಅಕ್ಕ. ಗಂಡನಾಗಿದ್ದವನ ಅಕ್ಕ ಎನ್ನಬೇಕು. ದಿನೇಶ ಒಳ್ಳೆಯವನೇ, ಬೆನ್ನುಮೂಳೆ ಒಂದಿರಲಿಲ್ಲ, ಅಷ್ಟೇ. ತಾಯಿ ಬೇಗ ಹೋದದ್ದರಿಂದ ಅಕ್ಕನೇ ಅವನಿಗೆ ತಾಯಿ, ದೇವರು, ಕೋರ್ಟು. ಅವಳು ಮೆಲ್ಬರ್ನ್‌ನಲ್ಲಿ ಕುಳಿತು ಫೋನಿನಲ್ಲಿ ಕೆಮ್ಮಿದರೆ ಇವನು ಸಿಡ್ನಿಯಲ್ಲಿ ಎದ್ದು ನಿಲ್ಲುತ್ತಿದ್ದ. ನಮಗೆ ಮಕ್ಕಳಾಗಲಿಲ್ಲ. ಡಾಕ್ಟರರು ಇಬ್ಬರನ್ನೂ ಪರೀಕ್ಷೆ ಮಾಡಿ, ಇಂಥದ್ದೇ ಕಾರಣ ಎಂದು ಹೇಳಲಾಗದು ಎಂದಿದ್ದರು. ಅದನ್ನು ಅವನು ಅಕ್ಕನಿಗೆ ಹೇಳಲೇ ಇಲ್ಲ.

ನನ್ನ ಸಂಶೋಧನೆ ಮುಗಿದು ಪದವಿ ಬಂದ ಸಂತೋಷಕ್ಕೆ ಮನೆಯಲ್ಲಿ ಊಟ ಇಟ್ಟುಕೊಂಡಿದ್ದೆವು. ಎರಡೂ ಊರಿನ ತುಳುವರು ಬಂದಿದ್ದರು. ನಾನೇ ಕೋರಿ ರೊಟ್ಟಿ ಮಾಡಿದ್ದೆ. ಯಾರೋ ಒಬ್ಬರು, ‘ವಾರಿಜಾ ಎಂತದ್ದರಲ್ಲಿ ಡಾಕ್ಟರ್ ಆದದ್ದು?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸುಮತಿ ತಟ್ಟೆ ಹಿಡಿದುಕೊಂಡೇ ಹೇಳಿದಳು —

“ಸತ್ತುಹೋದ ರಾಣಿಯರು ಎಷ್ಟು ಹೆತ್ತಿದ್ದಾರೆ ಅಂತ ಲೆಕ್ಕ ಹಾಕುವುದರಲ್ಲಿ. ಇವಳಿಗೆ ಮಾತ್ರ ಒಂದೂ ಹೆರಲಿಕ್ಕೆ ಆಗ್ಲಿಲ್ಲ, ಪಾಪ.”

ಆ ಪಾಪ ಎಂಬ ಮಾತನ್ನು ಅವಳು ಹೇಳಿದ ರೀತಿ — ಅಡುಗೆಗೆ ಉಪ್ಪು ಉದುರಿಸಿದ ಹಾಗೆ, ಕೊನೆಗೆ, ರುಚಿಗೆ. ಕೆಲವರು ನಕ್ಕರು. ದಿನೇಶ ರೊಟ್ಟಿ ಮುರಿಯುತ್ತಾ ಇದ್ದ. ತಲೆ ಎತ್ತಲಿಲ್ಲ. ನಕ್ಕವರ ನಡುವೆ ಎದ್ದು ಬಂದು ನನ್ನ ಪಕ್ಕ ನಿಂತವಳು ಒಬ್ಬಳೇ — ನಿನ್ನ ಅಮ್ಮ. “ಸುಮತಿಯಕ್ಕ, ಊಟ ಮಾಡಿದ ಮನೆಯಲ್ಲಿ ಹಾಗೆ ಮಾತಾಡುವುದಾ? ಮರ್ಯಾದೆ ಉಂಟಾ ನಿಮಗೆ?” ಎಂದಳು.

ಆ ವರ್ಷ ಮುಗಿಯುವುದರೊಳಗೆ ಸುಮತಿ ತಮ್ಮನನ್ನು ಮೆಲ್ಬರ್ನ್‌ಗೆ ಕರೆಸಿಕೊಂಡಳು. ವಿಚ್ಛೇದನದ ಕಾಗದ ಬಂತು. ಆಮೇಲೆ ಅವನ ಹೊಸ ಮದುವೆಯ ಫೋಟೋ ಬಂತು — ಸುಮತಿ ನಡುವೆ ಕುಳಿತಿದ್ದಾಳೆ, ಮದುಮಗಳಿಗಿಂತ ದೊಡ್ಡ ಕನಕಾಂಬರದ ಮಾಲೆ ಮುಡಿದು. ನಾನು ಓದಿದ ಪುಸ್ತಕಗಳಲ್ಲಿ ಹೆರಲಾರದ ಹೆಂಡತಿಯರನ್ನು ಮಠಕ್ಕೆ ಕಳಿಸುತ್ತಿದ್ದರು. ನನ್ನನ್ನು ಬ್ಲ್ಯಾಕ್‌ಟೌನಿನಲ್ಲಿ ಮಾರ್ಟ್‌ಗೇಜ್ ಸಹಿತ ಬಿಟ್ಟುಹೋದರು. ನಾನು ಅತ್ತೆನಾ? ಇಲ್ಲ. ಹಲ್ಲು ಕಚ್ಚಿಕೊಂಡಿದ್ದೆ. ನಿನ್ನ ಅಮ್ಮ ಬಸಳೆ ಪದಾರ್ಥ, ಕುಚ್ಚಲಕ್ಕಿ ಅನ್ನ ತಂದು ಎದುರಿಗೆ ಕುಳಿತು ಉಣ್ಣಿಸುತ್ತಿದ್ದಳು. “ಬಿಟ್ಟುಬಿಡು ಮಾರಾಯ್ತಿ ಅವಳನ್ನು. ಅವಳ ಹೆಸರು ಹೇಳಿ ನಿನ್ನ ಬಾಯಿ ಯಾಕೆ ಕಹಿ ಮಾಡಿಕೊಳ್ಳುವುದು?” ಎನ್ನುತ್ತಿದ್ದಳು. ಹೂಂ ಎನ್ನುತ್ತಿದ್ದೆ. ಬಿಡಲಿಲ್ಲ.

ನಿನ್ನ ಅಮ್ಮ ಲಲಿತಾ. ಕಾಪುವಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಅವಳು ರೋಶನ್ ಡಿಸೋಜನನ್ನು ಮದುವೆಯಾಗುತ್ತೇನೆಂದಾಗ ಅವಳ ಮನೆಯವರು, ನಮ್ಮ ಪಾಲಿಗೆ ನೀನು ಸತ್ತೆ ಎಂದರು. ಇಗರ್ಜಿಯಲ್ಲಿ ಮದುವೆ, ನಮ್ಮ ಕಡೆಯಿಂದ ಹೋದವಳು ನಾನೊಬ್ಬಳೇ. ಆಮೇಲೆ ಅವಳು ಊರಿಗೆ ಹೋಗಲಿಲ್ಲ, ಊರಿನವರು ಅವಳನ್ನು ಕರೆಯಲಿಲ್ಲ. ಇಲ್ಲೇ ಸಿಡ್ನಿಯ ಲಿವರ್‌ಪೂಲಿನ ಆ ಪುಟ್ಟ ಯೂನಿಟ್ಟಿನಲ್ಲಿ ನಿನ್ನ ಅಪ್ಪನ ಜೊತೆ ಕೊಂಕಣಿ, ನಿನ್ನ ಜೊತೆ ಕನ್ನಡ, ನನ್ನ ಜೊತೆ ಮಾತ್ರ ತುಳು. ಬರಿ ಗಿರಿ ಎಲ್ಲ ಬಿಟ್ಟುಬಂದವಳು ಎಂದು ನಾನು ತಿಳಿದಿದ್ದೆ.

ಆದರೆ ಆಸ್ಪತ್ರೆಯಲ್ಲಿ, ಇನ್ನು ಹೆಚ್ಚು ದಿನವಿಲ್ಲ ಎಂದು ಅವಳಿಗೂ ಗೊತ್ತಾದ ಮೇಲೆ, ಒಂದು ಮಧ್ಯಾಹ್ನ ನಿನ್ನನ್ನೂ ನಿನ್ನ ಅಪ್ಪನನ್ನೂ ಜ್ಯೂಸ್ ತರಲು ಕೆಳಗೆ ಕಳಿಸಿ, ನನ್ನ ಕೈ ಹಿಡಿದುಕೊಂಡಳು. “ನನ್ನ ಮಗುವಿಗೆ ಊರಿಲ್ಲ, ಅಜ್ಜಿ ಇಲ್ಲ, ದೈವಸ್ಥಾನ ಇಲ್ಲ. ಬರಿ ಒಂದಾದ್ರೂ ಇರ್ಲಿ ವಾರಿಜಾ. ದೊಡ್ಡವಳಾದ ಮೇಲೆ ನೀನು ಯಾರು, ಎಲ್ಲಿಯವಳು ಅಂತ ಯಾರಾದ್ರೂ ಕೇಳಿದ್ರೆ ಹೇಳ್ಲಿಕ್ಕೆ ಬೇಕಲ್ಲ. ರೋಶನ್‌ಗೆ ಇದೆಲ್ಲ ನೆನಪಿರುವುದಿಲ್ಲ. ಹೇಳ್ಲಿಕ್ಕೆ ನೀನೊಬ್ಬಳೇ ಇರುವುದು. ಹೇಳು ನೋಡುವ, ಯಾವ ಬರಿ?” ಎಂದಳು. ನಾನು ಹೇಳಿದೆ. ಮತ್ತೆ ಹೇಳಿಸಿದಳು. ನೀವಿಬ್ಬರೂ ಲಿಫ್ಟಿನಿಂದ ಬರುವವರೆಗೂ ಹೇಳಿಸುತ್ತಲೇ ಇದ್ದಳು.

ಇದನ್ನು ನಾನು ನಿನಗೆ ಹೇಳಲೇ ಇಲ್ಲ, ನೋಡು. ದೊಡ್ಡವಳಾಗಲಿ ಎಂದುಕೊಂಡೆ. ನೀನು ದೊಡ್ಡವಳಾದೆ, ನಾನು ಕೆಲಸ, ಕ್ಲಾಸು ಎಂದು ಮುಂದೂಡಿದೆ. ನೀನೂ ಕೇಳಲಿಲ್ಲ, ಕೇಳಬೇಕೆಂದು ನಿನಗೆ ಯಾರು ಹೇಳಬೇಕಿತ್ತು? ನಾನೇ ತಾನೆ.

ನೀನು ನನ್ನ ಕ್ಲಾಸಿಗೇ ಬಂದೆ. ಅಕೌಂಟಿಂಗ್ ಓದುವ ಹುಡುಗಿ, ಆಂಟಿಯ ರಾಣಿಯರನ್ನು ಒಮ್ಮೆ ನೋಡೋಣ ಎಂದು. ಮದುವೆ ಮುರಿಯುವ ಬಗ್ಗೆ ಪಾಠ ಮಾಡಿದ ದಿನ ನೀನು ಮುಂದಿನ ಸಾಲಿನಲ್ಲಿದ್ದೆ. ಆ ಕಾಲದಲ್ಲಿ ಇಗರ್ಜಿಯ ನಿಯಮ ಬಹಳ ಬಿಗಿ: ಏಳು ತಲೆಮಾರಿನೊಳಗೆ ರಕ್ತಸಂಬಂಧವಿದ್ದರೆ ಮದುವೆ ಊರ್ಜಿತವಲ್ಲ. ದೊಡ್ಡ ಮನೆತನಗಳೆಲ್ಲ ಒಂದಕ್ಕೊಂದು ನೆಂಟರೇ, ಹಾಗಾಗಿ ಮದುವೆಯಾಗುವಾಗ ಯಾರಿಗೂ ಯಾವ ಸಂಬಂಧವೂ ನೆನಪಿರುತ್ತಿರಲಿಲ್ಲ. ಹೆಂಡತಿ ಗಂಡು ಹೆರಲಿಲ್ಲವೋ, ಬೇರೆ ಕಡೆ ದೊಡ್ಡ ಸಂಬಂಧ ಕುದುರಿತೋ, ಆಗ ತಟ್ಟನೆ ನೆನಪಾಗುತ್ತಿತ್ತು. ಹಿರಿಯರು ಬಿಷಪ್ಪರ ಮುಂದೆ ನಿಂತು ಆಣೆಯಿಟ್ಟು ಮುತ್ತಜ್ಜಿಯರನ್ನು ಎಣಿಸುತ್ತಿದ್ದರು, ಮದುವೆ ರದ್ದಾಗುತ್ತಿತ್ತು. ಹೆಂಗಸರೂ ಈ ಆಟ ಕಲಿತರು. ಒಬ್ಬ ರಾಣಿಯಂತೂ ಸಂಬಂಧ ಹತ್ತಿರದ್ದಾಯಿತೆಂದು ರಾಜನನ್ನು ಬಿಟ್ಟು, ಕೆಲವೇ ವಾರಗಳಲ್ಲಿ ಅವನಿಗಿಂತ ಹತ್ತಿರದ ಸಂಬಂಧಿಯ ಕೈಹಿಡಿದಳು.

ನೀನು ಜೋರಾಗಿ ನಕ್ಕು ಕೇಳಿದೆ, “ಡಿಡಂಟ್ ಎನಿವನ್ ಚೆಕ್, ಆಂಟಿ?” ಇಡೀ ಕ್ಲಾಸಿನ ಎದುರು ಆಂಟಿ ಎಂದುಬಿಟ್ಟೆನಲ್ಲ ಎಂದು ನೀನು ನಾಲಿಗೆ ಕಚ್ಚಿಕೊಂಡೆ. ನಾನೂ ನಕ್ಕೆ. ವಂಶ ಎಣಿಸುವವರ ಮಾತನ್ನು ಪರೀಕ್ಷಿಸಲು ಯಾರೂ ಇರುತ್ತಿರಲಿಲ್ಲ ಎಂದೆ. ಆ ಮಾತು ಹೇಳುವಾಗ ನನಗೆ ಒಂದಿಷ್ಟೂ — ಇರಲಿ.

ಆಮೇಲೆ ನಿನಗೆ ಡಾಕ್‌ಲ್ಯಾಂಡ್ಸಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಮೆಲ್ಬರ್ನ್‌ಗೆ ಹೋದೆ. ಟ್ರ್ಯಾಮಿನಲ್ಲಿ ದಿನಾ ಎದುರು ಕೂರುವ ಹುಡುಗ ಫೋನಿನಲ್ಲಿ ತುಳು ಮಾತಾಡುತ್ತಾನೆ, ಅಮ್ಮ ಬೈಯುತ್ತಿದ್ದಂತೆಯೇ ಇದೆ ಎಂದು ನನಗೆ ಹೇಳಿ ನಗುತ್ತಿದ್ದೆ. ಅವನ ಹೆಸರು ನಿಖಿಲ್ ಎಂದೆ. ಸುಮತಿಯ ಮಗ ನಿಖಿಲ್. ಅದು ನಿನಗೆ ಬಹಳ ದಿನ ಗೊತ್ತಿರಲಿಲ್ಲ, ನನಗೆ ಮೊದಲ ದಿನವೇ ಗೊತ್ತಾಯಿತು.

ನಾನು ಏನೂ ಮಾಡಲಿಲ್ಲ. ಇದನ್ನು ನೀನು ನಂಬಬೇಕು — ನಂಬದಿದ್ದರೂ ಸರಿ. ನೀವಿಬ್ಬರೂ ಚೆನ್ನಾಗಿದ್ದಿರಿ. ಹುಡುಗ ತಾಯಿಯ ಹಾಗಿರಲಿಲ್ಲ. ಸುಮತಿ ಮೊದಲು ಕೂಗಾಡಿದಳಂತೆ, ಕ್ರಿಶ್ಚಿಯನ್ ಅಪ್ಪನ ಮಗಳು ಎಂದು. ಮಗ ಜಗ್ಗಲಿಲ್ಲ. ಆಗ ಅವಳು ಹೊಸ ನ್ಯಾಯ ತೆಗೆದಳು: ನಮ್ಮಲ್ಲಿ ಕುಲ ತಾಯಿಯದು, ತಾಯಿ ನಮ್ಮವಳೇ, ಬರಿ ಬೇರೆ ಇದ್ದರೆ ಹುಡುಗಿ ನಮ್ಮವಳೇ ಆದಳು! ಅಲ್ಲಿನ ತುಳು ಕೂಟದಲ್ಲಿ ಎಲ್ಲರ ಮುಂದೆ ಹಾಗೆ ಹೇಳಿ ದೊಡ್ಡ ಮನಸ್ಸಿನವಳು ಎಂದು ಹೊಗಳಿಸಿಕೊಂಡಳು. ಹಾಲ್ ಬುಕ್ ಮಾಡಿದಳು. ಊರಿನಿಂದ ಓಲಗದವರನ್ನೇ ಕರೆಸುತ್ತೇನೆ ಎಂದಳು. ಬರಿ ಯಾವುದೆಂದು ಕೇಳುವುದು ಆಮೇಲೆ ನೆನಪಾಯಿತು. ನಿನ್ನ ಅಪ್ಪನಿಗೆ ಗೊತ್ತಿಲ್ಲ. ಲಲಿತಾಳ ಹಳೆಯ ಪಾಸ್‌ಪೋರ್ಟಿನಲ್ಲಿದ್ದದ್ದು ಅವಳ ಅಪ್ಪನ ಸರ್‌ನೇಮ್. ಹೀಗಾಗಿ, ಎಷ್ಟೋ ವರ್ಷಗಳ ಮೇಲೆ, ನನ್ನ ಫೋನಿನಲ್ಲಿ ಆ ದನಿ.

“ವಾರಿಜಾ, ನಾನು ಸುಮತಿಯಕ್ಕ. ಹಳೆಯದ್ದೆಲ್ಲ ಬಿಟ್ಟುಬಿಡುವ, ಆಗದಾ? ಒಂದು ಉಪಕಾರ ಆಗ್ಬೇಕಿತ್ತು. ಆ ಹುಡುಗಿಯ ತಾಯಿಯದ್ದು ಯಾವ ಬರಿ? ನಿನಗೆ ಗೊತ್ತುಂಟಂತೆ.”

ಹಳೆಯದ್ದೆಲ್ಲ ಬಿಟ್ಟುಬಿಡುವ! ಅವಳದ್ದಾ ಅದು, ಬಿಡಲಿಕ್ಕೆ? ನಾನು ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಪೆನ್ನು ಕೆಳಗಿಟ್ಟೆ. ಅಪ್ಪಿತಪ್ಪಿ ಬಾಯಿಂದ ಜಾರಿದ್ದಲ್ಲ, ಪ್ರಾರ್ಥನಾ. ಕಿಟಕಿಯ ಆಚೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ, ಅವನ ಮಷಿನ್ ತಿರುಗಿ ವಾಪಸು ಬರುವಷ್ಟು ಹೊತ್ತು ಯೋಚನೆ ಮಾಡಿದೆ. ಅವಳ ಬರಿ ಬಂಗೇರ. ಹಾಗಾಗಿ ನಿಖಿಲನದೂ ಬಂಗೇರ.

“ಬಂಗೇರ” ಎಂದೆ.

“ನಮ್ಮದೇ?”

“ನಿಮ್ಮದೇ ಅಕ್ಕ. ಪಾಪ.”

ಪಾಪ ಎಂಬ ಮಾತನ್ನು ಬೇಕೆಂದೇ ಸೇರಿಸಿದೆ. ಅವಳಿಗೆ ನೆನಪಾಯಿತೋ ಇಲ್ಲವೋ. ‘ಅಯ್ಯೋ ದೇವರೇ’ ಎಂದು ಅವಳು ಕುಸಿದು ಕುಳಿತ ಸದ್ದು ಕೇಳಿಸಿತು. ನನಗೆ ಎಷ್ಟು ಸಂತೋಷವಾಯಿತೆಂದರೆ — ಎದ್ದು ಹೋಗಿ ತಲೆ ಬಾಚಿ ಹೂ ಮುಡಿದುಕೊಂಡೆ. ಹಿತ್ತಿಲಿನ ಒಂದೇ ಒಂದು ಮಲ್ಲಿಗೆ ಬಳ್ಳಿಯಿಂದ ಕೊಯ್ದು. ಹಾಗೆ ಹೂ ಮುಡಿದು ಎಷ್ಟು ವರ್ಷವಾಗಿತ್ತೋ.

ನಿನ್ನ ನೆನಪು ಬರಲಿಲ್ಲವೇ? ಬಂತು. ಈ ಕಾಲದ ಮಕ್ಕಳು, ಬರಿಯಂತೆ ಗಿರಿಯಂತೆ ಎಂದು ನಕ್ಕು ರಿಜಿಸ್ಟರ್ ಮದುವೆ ಮಾಡಿಕೊಳ್ಳುತ್ತಾರೆ, ಸುಮತಿ ಮಾತ್ರ ಹೊಟ್ಟೆ ಉರಿದುಕೊಂಡು ಹೊರಗೆ ನಿಲ್ಲುತ್ತಾಳೆ ಎಂದುಕೊಂಡೆ. ನಿಖಿಲ್ ಹಾಗೇ ಅಂದನಂತೆ, ‘ಹೂ ಕೇರ್ಸ್’ ಎಂದು. ನಿನ್ನನ್ನು ನಾನು ಎತ್ತಿ ಆಡಿಸಿದವಳು. ನೀನು ಏನು ಮಾಡುತ್ತೀ ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ನೀನು ವಿಮಾನ ಹತ್ತಿ ಬಂದೆ. ಬಾಗಿಲು ತೆಗೆದರೆ ಬ್ಯಾಗೂ ಇಲ್ಲ, ಕೋಟೂ ಇಲ್ಲ. ಅಡುಗೆಮನೆಯಲ್ಲಿ ನಿಂತೇ ಇದ್ದೆ, ಕೂರು ಎಂದರೂ ಕೂರಲಿಲ್ಲ.

“ಜಸ್ಟ್ ಟೆಲ್ ಮಿ, ಆಂಟಿ. ಡಿಡ್ ಅಮ್ಮ ಸೇ ಇಟ್? ಅಮ್ಮನೇ ಹೇಳಿದ್ದಾ?”

ಅಮ್ಮನೇ ಹೇಳಿದ್ದಾ ಎಂದು ಕನ್ನಡದಲ್ಲಿ ಕೇಳಿದೆ. ನೀನು ಕನ್ನಡದಲ್ಲಿ ಮಾತಾಡುವುದೇ ಅಪರೂಪ.

ಇಲ್ಲ ಎನ್ನಬಹುದಿತ್ತು. ಆಗ, ಆ ಕ್ಷಣ, ಇಲ್ಲ ಮಗಾ, ಸುಮತಿಯ ಮೇಲಿನ ಸಿಟ್ಟಿಗೆ ಅಂದೆ ಎಂದಿದ್ದರೆ — ನೀನು ಎರಡು ದಿನ ಮಾತು ಬಿಡುತ್ತಿದ್ದೆ, ಅಷ್ಟೇ. ಆದರೆ ಹಾಗೆ ಹೇಳಿದ ತಕ್ಷಣ ಸುಮತಿ ಗೆಲ್ಲುತ್ತಾಳೆ. ಹಾಲ್, ಓಲಗ, ನಡುವೆ ಕುಳಿತು ಫೋಟೋ. ನನ್ನ ಬಗ್ಗೆ ಎರಡೂ ಊರಿನಲ್ಲಿ ಬಾಯಿ ತುಂಬ ಮಾತಾಡುತ್ತಾಳೆ.

“ಹೌದು ಮಗಾ” ಎಂದೆ. “ನಿನ್ನ ಅಮ್ಮನೇ ಹೇಳಿದ್ದು. ಆಸ್ಪತ್ರೆಯಲ್ಲಿ, ನನ್ನ ಕೈ ಹಿಡಿದು.”

ನೀನು ಹೇಳಿದ್ದು ಇಷ್ಟು: “ಓಕೆ. ದೆನ್ ಐ ಕಾಂಟ್. ಅಮ್ಮಂದು ಅಂತ ನನ್ನ ಹತ್ರ ಇರೋದು ಅದೊಂದೇ, ಆಂಟಿ.” ನಾನು ಕೊಟ್ಟ ಚಹಾ ಕುಡಿದು, ಲೋಟ ತೊಳೆದು, ಮಗುಚಿ ಇಟ್ಟು ಹೊರಟೆ. ಗೇಟಿನವರೆಗೆ ಬಂದೆ ನಾನು. ನೀನು ನನ್ನನ್ನು ತಬ್ಬಿಕೊಂಡು ಥ್ಯಾಂಕ್ಯೂ ಎಂದೆ. ನಾನು ಇಲ್ಲದಿದ್ದರೆ ನಿನಗೆ ಗೊತ್ತೇ ಆಗುತ್ತಿರಲಿಲ್ಲ ಎಂದು, ಥ್ಯಾಂಕ್ಯೂ.

ಅವತ್ತು ಪಶ್ಚಾತ್ತಾಪವಾಯಿತು ಎಂದು ಬರೆದರೆ ಅದು ಬಣ್ಣ ಹಚ್ಚಿದಂತೆ. ಮೆಲ್ಬರ್ನ್‌ನಿಂದ ಸುದ್ದಿಗಳು ಬರತೊಡಗಿದವು, ನಾನು ಕಿವಿ ತೆರೆದುಕೊಂಡು ಕೇಳಿದೆ. ಹಾಲ್ ಕ್ಯಾನ್ಸಲ್ ಆಯಿತಂತೆ. ಬರಿ ಕೇಳದೆ ಮದುವೆ ನಿಶ್ಚಯ ಮಾಡಿದವಳು ಕೂಟದ ಅಧ್ಯಕ್ಷೆಯಂತೆ ಎಂದು ಜನ ನಗುತ್ತಿದ್ದಾರಂತೆ. ನಿಖಿಲ್, ‘ನೀನು ಬರಿ ಕೇಳದಿದ್ದರೆ ಆಗುತ್ತಿರಲಿಲ್ಲವೇ’ ಎಂದು ತಾಯಿಯ ಮೇಲೆ ಕೂಗಿ ಬೇರೆ ಮನೆ ಮಾಡಿದನಂತೆ. ಅವಳ ಫೋನ್ ಎತ್ತುವುದಿಲ್ಲವಂತೆ. ಒಂದೊಂದು ಅಂತೆಯೂ ನನಗೆ ಹಾಲು ಕುಡಿದಷ್ಟು ಹಿತವಾಗಿತ್ತು. ನನ್ನ ಮನೆಯ ಗಂಡಸನ್ನು ಅವಳು ಕರೆದುಕೊಂಡು ಹೋಗಿದ್ದಳು. ಅವಳ ಮನೆಯ ಗಂಡಸು ಈಗ ಎದ್ದು ಹೋದ. ಸರಿಹೋಯಿತು ಎಂದುಕೊಂಡೆ. ನೀನು ಈ ಲೆಕ್ಕದಲ್ಲಿ ಎಲ್ಲಿದ್ದೆ? ಎಲ್ಲಿಯೂ ಇರಲಿಲ್ಲ. ನೀನು ತೆಳ್ಳಗಾಗಿದ್ದೀ ಎಂದು ನಿನ್ನ ಅಪ್ಪ ಫೋನಿನಲ್ಲಿ ಅತ್ತಾಗ, ಕೆಲಸ ಜಾಸ್ತಿ ಇರಬೇಕು ರೋಶನ್ ಎಂದೆ.

ಕಳೆದ ವರ್ಷ ಬ್ಲ್ಯಾಕ್‌ಟೌನಿನಲ್ಲಿ ಕೂಟದ ಊಟಕ್ಕೆ ಸುಮತಿ ಬಂದಿದ್ದಳು. ಮುದುಕಿಯಾಗಿದ್ದಳು. ಊಟದ ನಡುವೆ ನನ್ನ ಪಕ್ಕದ ಕುರ್ಚಿ ಎಳೆದು ಕುಳಿತಳು. ನನ್ನ ಕೈ ಹಿಡಿಯಲು ಬಂದಳು, ನಾನು ಚಮಚ ಹಿಡಿದುಕೊಂಡೆ.

“ವಾರಿಜಾ, ನೀನು ಓದಿದವಳು. ಒಂದೇ ಬರಿ ಆದ್ರೆ ಎಂತಾದ್ರೂ ಪರಿಹಾರ ಉಂಟಾ? ನಿನ್ನ ಆ ರಾಣಿಯರಿಗೆಲ್ಲ ಎಂತ ಮಾಡ್ತಿದ್ರು? ಹುಡುಗ ಬೇರೆ ಮದುವೆಗೆ ಒಪ್ಪುವುದಿಲ್ಲ. ನನ್ನ ಮುಖ ನೋಡುವುದಿಲ್ಲ. ನಾನು ನಿನಗೆ ಅಂದದ್ದು... ತಪ್ಪಾಯ್ತು ಮಾರಾಯ್ತಿ.”

ಸತ್ತುಹೋದ ರಾಣಿಯರ ಬಳಿಗೆ ಕೊನೆಗೂ ಬಂದಳು! ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. ತಪ್ಪಾಯ್ತು ಎಂದಳಲ್ಲ, ಸಾಕು ಅನಿಸಬೇಕಿತ್ತು. ಅನಿಸಲಿಲ್ಲ. ಇನ್ನೂ ಬೇಕು ಅನಿಸಿತು.

“ಅವರು ಪೋಪರ ಅಪ್ಪಣೆ ತರಿಸಿಕೊಳ್ತಿದ್ರು” ಎಂದೆ. “ನಮ್ಮಲ್ಲಿ ಪೋಪರಿಲ್ಲ ಅಕ್ಕ.” ಎದ್ದು ಹೋಗಿ ಇನ್ನೊಂದು ಸಲ ಪಾಯಸ ಹಾಕಿಸಿಕೊಂಡೆ. ಅವಳು ಅಲ್ಲೇ ಕುಳಿತಿದ್ದಳು, ನನ್ನ ಖಾಲಿ ಕುರ್ಚಿಯ ಪಕ್ಕ. ಪಾಯಸ ಬಹಳ ಚೆನ್ನಾಗಿತ್ತು.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ ಎಂಬುದನ್ನೂ ನೀನು ತಿಳಿಯಬೇಕು.

ಹೋದ ಭಾನುವಾರ ನಿನ್ನ ಫೋನ್ ಬಂತು. ದನಿಯಲ್ಲಿ ಹಳೆಯ ನಗು ಸ್ವಲ್ಪ ಇತ್ತು. ರಕ್ಷಿತ್ ಎಂಬ ಹುಡುಗ, ನರ್ಸ್, ಒಳ್ಳೆಯವನು, ನಿಖಿಲನ ವಿಷಯ ಎಲ್ಲ ಗೊತ್ತಿದೆ ಎಂದೆ. ಆಮೇಲೆ ಹೆಮ್ಮೆಯಿಂದ ಹೇಳಿದೆ — “ದಿಸ್ ಟೈಮ್ ಐ ಚೆಕ್ಡ್ ಫಸ್ಟ್, ಆಂಟಿ. ಹಿ ಈಸ್ ನಾಟ್ ಬಂಗೇರ. ಹಿ ಈಸ್ ಕುಂದರ್. ಕುಂದರ್ ಓಕೆ ಅಲ್ವಾ?”

ನನ್ನ ಉತ್ತರಕ್ಕೆ ಕಾಯದೆ ನೀನು ಮುಂದುವರಿಸಿದೆ. ನಿಶ್ಚಿತಾರ್ಥದ ದಿನ ಎರಡೂ ಕಡೆಯ ಹಿರಿಯರು ಎದುರುಬದುರು ಕುಳಿತು ಬರಿ ಹೇಳಬೇಕಂತೆ. ಅಮ್ಮನ ಜಾಗದಲ್ಲಿ ನೀವೇ ಕೂರಬೇಕು, ಅಮ್ಮನ ಬರಿ ನೀವೇ ಎಲ್ಲರ ಎದುರು ಜೋರಾಗಿ ಹೇಳಬೇಕು, ಅಪ್ಪನೂ ಅದನ್ನೇ ಹೇಳುತ್ತಿದ್ದಾರೆ. “ವಿಲ್ ಯೂ? ಪ್ಲೀಸ್?”

“ಆಯ್ತು ಮಗಾ” ಎಂದೆ. ನೋಡು, ಆಗಲೂ.

ನಿನ್ನ ಅಮ್ಮನ ಬರಿಯನ್ನು ಕಾಯಲು ನೀನು ಪ್ರೀತಿಸಿದವನನ್ನು ಬಿಟ್ಟೆ. ಈಗ ಅದೇ ಬರಿಯವನ ಕೈಹಿಡಿಯಲು ಹೊರಟಿದ್ದೀ, ನನ್ನ ಮಾತು ನಂಬಿ. 

ನಾನು ಈ ಬರಿಯನ್ನು ನಂಬುತ್ತೇನೆಯೇ? ಬೇಕಾದಾಗ ನೆನಪಾಗಿ ಬೇಡವಾದಾಗ ಮರೆಯುವ ನಿಯಮಗಳ ಬಗ್ಗೆ ಬದುಕೆಲ್ಲ ಪಾಠ ಮಾಡಿದವಳು ನಾನು. ಹಾಗಾದರೆ ಸುಮ್ಮನಿರಬಹುದಲ್ಲ. ರಕ್ಷಿತ್ ಒಳ್ಳೆಯವನು, ನಿಜ ಗೊತ್ತಿರುವವಳು ನಾನೊಬ್ಬಳೇ, ನನ್ನ ಜೊತೆ ಅದೂ ಸುಟ್ಟುಹೋಗುತ್ತದೆ. ವಾರವೆಲ್ಲ ಹಾಗೇ ಯೋಚಿಸಿದೆ. ಯೋಚಿಸುವಾಗ ನನ್ನನ್ನು ನಾನೇ ಹಿಡಿದೆ: ನಿಜ ಹೇಳಿದರೆ ನೀನು ನಿಖಿಲನ ಬಳಿಗೆ ಹೋದೀಯೇನೋ, ಸುಮತಿಗೆ ಮಗನೂ ಸಿಕ್ಕಿ ಸೊಸೆಯೂ ಸಿಕ್ಕೀತೇನೋ — ನನ್ನನ್ನು ತಡೆಯುತ್ತಿದ್ದದ್ದು ಅದು. ನಿನ್ನ ಮುಖ ನೆನಪಾಗುವ ಮೊದಲು ನನಗೆ ಅವಳ ಮುಖ ನೆನಪಾಗುತ್ತಿತ್ತು. ಇಷ್ಟು ವರ್ಷ ಹಾಗೆಯೇ ಆಗಿದೆ. ನಿನ್ನ ಅಮ್ಮ ಬಿಡು ಎಂದದ್ದು ಇದನ್ನೇ.

ನಂಬಿಕೆ ನನ್ನದಲ್ಲ ಇರಬಹುದು. ಅದು ನಿನ್ನದು. ಅದನ್ನು ಇಟ್ಟುಕೊಳ್ಳಬೇಕೋ ಎಸೆಯಬೇಕೋ ನೀನು ತೀರ್ಮಾನಿಸಬೇಕಿತ್ತು. ನಾನು ಅದನ್ನು ಕದ್ದು, ಅದರ ಜಾಗದಲ್ಲಿ ನನ್ನ ಸೇಡನ್ನು ಇಟ್ಟು, ಇದು ನಿನ್ನ ಅಮ್ಮನದು ಎಂದು ನಿನ್ನ ಕೈಗೆ ಕೊಟ್ಟೆ. ನೀನು ಅದನ್ನು ಎದೆಗವಚಿಕೊಂಡು ಹೋದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದರಲ್ಲೂ ಒಂದು ಮೋಸವಿತ್ತು. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಬರೆದದ್ದೂ ಆಯಿತು, ನೀನು ಓದದೆ ಉಳಿದದ್ದೂ ಆಯಿತು — ಶುರು ಮಾಡುವಾಗ ಹೀಗೆ ಅಂದುಕೊಂಡಿದ್ದೆ. ಈಗ ಇಲ್ಲ. ನಾಳೆ ಬೆಳಗಿನ ವಿಮಾನ ಬುಕ್ ಮಾಡಿದ್ದೇನೆ. ನಿಶ್ಚಿತಾರ್ಥದ ದಿನ ಅಲ್ಲ, ಜನರ ನಡುವೆ ಅಲ್ಲ, ನಿನ್ನ ಮನೆಗೆ ಬರುತ್ತೇನೆ. ನಿನ್ನ ಎದುರು ಕುಳಿತು ಇದನ್ನು ಓದುತ್ತೇನೆ, ಒಂದು ಸಾಲನ್ನೂ ಬಿಡದೆ, ಪಾಯಸದ ಸಾಲನ್ನೂ. ನೀನು ನಡುವೆಯೇ ಹೋಗು ಎಂದರೆ ಹೋಗುತ್ತೇನೆ, ಉಳಿದದ್ದನ್ನು ಬಾಗಿಲ ಹೊರಗೆ ನಿಂತು ಓದುತ್ತೇನೆ. ನಿನಗೆ ಹೇಳಿದ ಮೇಲೆ ನಿಖಿಲನಿಗೆ, ಆಮೇಲೆ ಸುಮತಿಗೆ. ಅವಳು ನನ್ನನ್ನು ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ. ಕ್ಷಮಿಸುತ್ತೇನೆ ಎಂದು ಮಾತ್ರ ನನ್ನಿಂದ ನಿರೀಕ್ಷಿಸಬೇಡ. ಅಮ್ಮನ ಜಾಗದಲ್ಲಿ ನಾನು ಕೂರುವುದಿಲ್ಲ. ಆ ಕುರ್ಚಿಯನ್ನು ಖಾಲಿ ಬಿಡು.

ಒಂದು ಸುಲಭದ ದಾರಿ ಈಗಲೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ವಯಸ್ಸಾಯಿತು ಮಗಾ, ತಪ್ಪು ನೆನಪಾಗಿತ್ತು, ಮೊನ್ನೆ ಸರಿಯಾಗಿ ನೆನಪಾಯಿತು ಎಂದರೆ ಎಲ್ಲರೂ ನಂಬುತ್ತಾರೆ. ನೀನು ನನ್ನನ್ನು ತಬ್ಬಿಕೊಂಡು ಪರವಾಗಿಲ್ಲ ಆಂಟಿ ಎಂದುಬಿಡುತ್ತೀ. ಹಾಗೆ ಹೇಳುವುದಿಲ್ಲ.

ಮರೆಯಬಾರದೆಂದೇ ನಿನ್ನ ಅಮ್ಮ ಅವತ್ತು ಅಷ್ಟು ಸಲ ಹೇಳಿಸಿದಳು, ನೀನು ಜ್ಯೂಸ್ ಹಿಡಿದುಕೊಂಡು ಲಿಫ್ಟಿನಿಂದ ಓಡಿ ಬರುವವರೆಗೆ. ಕುಂದರ್, ಕುಂದರ್, ಕುಂದರ್. ನಾನು ಮರೆತಿರಲಿಲ್ಲ, ಪ್ರಾರ್ಥನಾ. ಒಂದು ದಿನವೂ ಮರೆತಿರಲಿಲ್ಲ.